ಅಜ್ಜಿ ಸೇರಿ ಹತ್ತು ಜನ

ಗೆಳೆಯರೇ, ನಮ್ಮ ಮನೆಯ ಸ್ವಾತಂತ್ರ್ಯ ಹೋರಾಟ ಇವತ್ತು ಮಧ್ಯಾಹ್ನದವರೆಗೂ ಬಾಳಲಿಲ್ಲ.

"ನಂಗೆ ಹದಿನೆಂಟಾಯ್ತು. ಫ್ರೆಂಡ್ಸ್ ಜೊತೆ ಸಿನಿಮಾಕ್ಕೆ ಹೋಗ್ತೀನಿ, ನೀವ್ಯಾರೂ ಹಿಂದೆ ಬರ್ಬೇಡಿ" ಎಂದು ಬೆಳಿಗ್ಗೆ ಸಾರಿ ಹೋದ ಮಗಳು, ಕೊಪ್ಪದ ಟಾಕೀಸಿನಿಂದ ಫೋನ್ ಮಾಡಿದಳು.

"ಅಪ್ಪ, ಹತ್ತು ಜನ ಆಗ್ದೆ ಶೋ ಹಾಕಲ್ವಂತೆ. ನಾವು ಏಳೇ ಜನ ಇರೋದು. ಅಮ್ಮನ್ನ, ಅಜ್ಜಿನ ಕರ್ಕೊಂಡು ಬೇಗ ಬಾ."

"ಎಂತ ಮಾರಾಯ್ತಿ, ಬರ್ಬೇಡಿ ಅಂದಿದ್ದು ನೀನೇ ಅಲ್ವಾ?"

"ಬನ್ನಿ. ಆದ್ರೆ ಹಿಂದೆ ಕೂತ್ಕೊಳ್ಳಿ. ನಮ್ಮ ಪರಿಚಯವೇ ಇಲ್ದವ್ರ ತರ ಇರಿ."

ಬಾಳಗಡಿಯ ಮನೆಯಿಂದ ಮೂವರೂ ಓಡಿದೆವು, ಹೇಳಿದ ಹಾಗೇ ಕೂತೆವು. ಹದಿಹರೆಯದವರು ದೊಡ್ಡವರಾಗುವ ತಮಾಷೆಯ ಸಿನಿಮಾ. ಪಾಪ, ನೋಡಲು ಜನವೇ ಬರುತ್ತಿಲ್ಲ. ತೆರೆಯ ಮೇಲೆ ಹುಡುಗ "ನನ್ನ ಪಾಡಿಗೆ ನನ್ನ ಬಿಡಿ" ಎಂದು ಅಪ್ಪನ ಮೇಲೆ ರೇಗಿದ. ಮುಂದಿನ ಸಾಲಿನಲ್ಲಿ ಶಿಳ್ಳೆಯೋ ಶಿಳ್ಳೆ. ಅದು ನಿಲ್ಲುವ ಮೊದಲೇ ನಮ್ಮಮ್ಮ ಇಡೀ ಟಾಕೀಸಿಗೆ ಕೇಳುವಂತೆ ಕೂಗಿದರು: "ಪುಟ್ಟೀ, ಚಳಿ ಆಗ್ತಾ? ಸ್ವೆಟರ್ ತಂದಿದೀನಿ!"

ಮಗಳು ಎದ್ದು ಬಂದು, ಯಾರ ಮುಖವನ್ನೂ ನೋಡದೆ ಸ್ವೆಟರ್ ಇಸಿದುಕೊಂಡು ಹೋದಳು.

ಸಿನಿಮಾ ಚೆನ್ನಾಗಿದೆ. ಮಕ್ಕಳನ್ನು ಅವರಷ್ಟಕ್ಕೆ ಬಿಡಬೇಕು ಅನ್ನುವುದೇ ಕಥೆ. ತಪ್ಪದೆ ನೋಡಿ. ಮನೆಮಂದಿಯೆಲ್ಲ ಹೋಗಿ, ಇಲ್ಲದಿದ್ದರೆ ಶೋ ಹಾಕಲ್ಲ.