ವಾಸನೆಯ ದೂರಿಗೆ ನಾನು ಹಾಕಿದ ಸಹಿ

ನಮ್ಮ ಕಟ್ಟಡದ ಕೆಳಮಹಡಿಯಲ್ಲಿದ್ದ ಹಡಗಿನ ಅಡುಗೆಯವರು ತೀರಿಕೊಂಡ ಕೆಲವು ವಾರಗಳಿಗೆ ಅವರ ನೆನಪಿಗಾಗಿ ಒಂದು ಕಾಫಿ ಕೂಟ ಏರ್ಪಡಿಸಿದ್ದರು. ಅಲ್ಲಿ ಕೂತವರನ್ನು ನೋಡಿ ನನಗೆ ಹುಟ್ಟಿದ ಹೇಸಿಗೆ ಇನ್ನೂ ಹೋಗಿಲ್ಲ. ಅದರಲ್ಲಿ ನನ್ನ ಪಾಲೂ ಇರುವುದರಿಂದ ಮೊದಲಿನಿಂದಲೇ ಹೇಳಬೇಕು.

ನಾನೂ ನನ್ನ ಗಂಡನೂ ಸ್ವೀಡನ್ನಿನ ಕಾರ್ಲ್‌ಸ್ಕ್ರೂನಾಕ್ಕೆ ಬಂದದ್ದು ಸಾಫ್ಟ್‌ವೇರ್ ಕೆಲಸಕ್ಕೆ. ಯಾರೋ ಒಬ್ಬರ ಫ್ಲ್ಯಾಟನ್ನು ಬಾಡಿಗೆಗೆ ಹಿಡಿದಿದ್ದೆವು. ಹಾಗೆ ಬಾಡಿಗೆಗೆ ಇರುವವರಿಗೆ ಕಟ್ಟಡದ ಸಂಘ ಪ್ರತಿವರ್ಷ ಒಪ್ಪಿಗೆ ಕೊಡಬೇಕು. ಅದಕ್ಕೇ ನಾವು ಮೆಟ್ಟಿಲ ಮೇಲೆ ಸದ್ದಾಗದಂತೆ ನಡೆಯುತ್ತಿದ್ದೆವು, ಎಲ್ಲರಿಗೂ ನಗುತ್ತಲೇ ಇರುತ್ತಿದ್ದೆವು.

ಒಂದು ದಿನ ಬಟ್ಟೆ ಒಗೆಯುವ ಕೋಣೆಯ ಬಾಗಿಲಲ್ಲಿ ಎತ್ತರದ, ಮಂಡಿನೋವಿನಿಂದ ಗೋಡೆ ಹಿಡಿದು ನಡೆಯುವ ಮುದುಕರೊಬ್ಬರು ಎದುರಾದರು. ನಾನು ಫೋನಿನಲ್ಲಿ ಅಮ್ಮನ ಜೊತೆ ಮಾತಾಡುತ್ತಿದ್ದೆ. ಅವರು ಒಂದು ಕ್ಷಣ ಕಿವಿಗೊಟ್ಟು, ನಾನು ಫೋನಿಡುವುದನ್ನೇ ಕಾದು ಕೇಳಿದರು, “ಊಟ ಆಯ್ತಾ?”

ನಾನು ಬೆಚ್ಚಿಬಿದ್ದೆ. ಅವರು ಗಹಗಹಿಸಿ ನಕ್ಕು ಇಂಗ್ಲಿಷಿನಲ್ಲಿ ಹೇಳಿದರು, “ನನಗೆ ಬರೋದು ಅದೊಂದೇ. ನಮ್ಮ ಹಡಗಿನ ಎಂಜಿನ್ ರೂಮಿನಲ್ಲಿ ಮಲ್ಪೆಯವನೊಬ್ಬ ಇದ್ದ. ದಿನಾ ಗಂಜಿ ಬೇಕು ಅಂತಿದ್ದ, ಕಲಿತು ಮಾಡಿಕೊಟ್ಟೆ. ಅವನು ನನಗೆ ಇದನ್ನ ಕಲಿಸಿದ.”

ಅವರು ಹುಟ್ಟಿದ್ದು ಕೆರಿಬಿಯನ್ನಿನ ಒಂದು ಸಣ್ಣ ದ್ವೀಪದಲ್ಲಿ. ಅಜ್ಜಿ ದೋಣಿಕಟ್ಟೆಯ ಬಳಿ ಊಟದ ಅಂಗಡಿ ಇಟ್ಟಿದ್ದರಂತೆ. ನಲವತ್ತು ವರ್ಷ ಸರಕು ಹಡಗುಗಳಲ್ಲಿ ಅಡುಗೆ ಮಾಡಿ, ಇಲ್ಲಿಯವಳನ್ನು ಮದುವೆಯಾಗಿ, ಅವಳು ತೀರಿಹೋದಮೇಲೆ ಒಬ್ಬರೇ ಉಳಿದಿದ್ದರು. ಒಮ್ಮೆ ಹಡಗು ಕೆಟ್ಟು ಯಾವುದೋ ಬಂದರಿನ ಹೊರಗೆ ವಾರಗಟ್ಟಲೆ ನಿಂತು, ಉಗ್ರಾಣ ಬರಿದಾಗುತ್ತ ಬಂದಾಗ, ಎಲ್ಲರ ತಟ್ಟೆ ತುಂಬಿ ತಾವು ಗಂಜಿತಿಳಿ ಕುಡಿಯುತ್ತಿದ್ದರಂತೆ. ಇದನ್ನು ಅವರು ಹೇಳಿಕೊಂಡವರಲ್ಲ. ಅವರ ಜೊತೆ ಹಡಗಿನಲ್ಲಿದ್ದವರೊಬ್ಬರು ನೋಡಲು ಬಂದಾಗ ನನಗೆ ಹೇಳಿದ್ದು.

ಪ್ರತಿ ಶನಿವಾರ ಮಧ್ಯಾಹ್ನ ಅವರು ಕಟ್ಟಡದ ಸಾಮೂಹಿಕ ಕೋಣೆಯಲ್ಲಿ ಅಡುಗೆ ಮಾಡಿ ಬಾಗಿಲು ತೆರೆದಿಡುತ್ತಿದ್ದರು. ಯಾರು ಬೇಕಾದರೂ ಬಂದು ಉಣ್ಣಬಹುದು. ಮೊದಲ ಸಲ ಹೋದಾಗ ಉಪ್ಪುಮೀನಿನ ವಾಸನೆ ತಡೆಯಲಾಗದೆ ಮಫ್ಲರನ್ನು ಮೂಗಿಗೇರಿಸಿದೆ. ಮೊಟ್ಟೆಯನ್ನೂ ಮುಟ್ಟದ ಮನೆಯಲ್ಲಿ ಬೆಳೆದವಳು ನಾನು. ಅವರು ಅದನ್ನು ನೋಡಿದರು. ಮುಂದಿನ ಶನಿವಾರ ನನಗೆಂದೇ ಹೊಸ ಪಾತ್ರೆ, ಹೊಸ ಸೌಟು. ಮೆಕ್ಕೆಜೋಳದ ಹಿಟ್ಟಿಗೆ ಬೆಂಡೆಕಾಯಿ ಹಾಕಿ ತೊಳಸಿ, ಬೆಣ್ಣೆ ಸವರಿದ ಬಟ್ಟಲಿನಲ್ಲಿ ಉರುಳಿಸಿ ನನ್ನ ತಟ್ಟೆಗೆ ಬೋರಲು ಹಾಕಿದರು. ನಮ್ಮ ತುಮಕೂರು ಕಡೆಯ ಮುದ್ದೆಯ ತಂಗಿಯಂತಿತ್ತು ಅದು. ಊರು ಬಿಟ್ಟ ಮೇಲೆ ಹೊಟ್ಟೆ ತುಂಬಿ ಉಂಡೆ ಅನ್ನಿಸಿದ್ದು ಅವತ್ತೇ.

ಎರಡು ವರ್ಷ ಹೀಗೆ ನಡೆಯಿತು. ಸಂಘದ ಅಧ್ಯಕ್ಷೆ, ನಿವೃತ್ತ ಶಾಲಾ ಟೀಚರ್, ಒಂದು ವಾರವೂ ತಪ್ಪಿಸುತ್ತಿರಲಿಲ್ಲ. ಮೂರನೇ ಮಹಡಿಯ ಗಂಡಸೊಬ್ಬ ಉಂಡದ್ದು ಸಾಲದೆಂದು ಡಬ್ಬಿ ತುಂಬಿಕೊಂಡು ಹೋಗುತ್ತಿದ್ದ. ಅವನು ತನ್ನ ಫ್ಲ್ಯಾಟ್ ಮಾರಲು ಹೊರಟಾಗ ನೋಡಲು ಬಂದವರು ಯಾರೋ “ಮೆಟ್ಟಿಲ ಹತ್ತಿರ ಏನೋ ವಾಸನೆ” ಅಂದರಂತೆ. ಅಷ್ಟೇ ಸಾಕಾಯಿತು. ‘ಅಡುಗೆ ವಾಸನೆಯಿಂದ ನಿವಾಸಿಗಳಿಗೆ ತೊಂದರೆ’ ಎಂಬ ಪತ್ರ ಹಿಡಿದು ಅವನು ಮನೆಮನೆಗೆ ಬಂದ. ಅಧ್ಯಕ್ಷೆಯ ಸಹಿ ಮೊದಲನೆಯದು.

ಪತ್ರವನ್ನು ಮೇಜಿನ ಮೇಲಿಟ್ಟುಕೊಂಡು ಗಂಡನನ್ನು ಕೇಳಿದೆ, “ಏನ್ರೀ ಇದು? ಹೋದ ವಾರ ತಾನೇ ಎರಡು ಡಬ್ಬಿ ತಗೊಂಡು ಹೋದ ಈ ಮನುಷ್ಯ!”

“ಗೊತ್ತು ಕಣೆ. ಆದ್ರೆ ನಮ್ಮ ರಿನ್ಯೂವಲ್ ಮುಂದಿನ ಮೀಟಿಂಗ್‌ನಲ್ಲೇ ಇದೆ. ಸುಮ್ನೆ ಸೈನ್ ಮಾಡಿ ಕೊಡು. ನಾವೊಬ್ರು ಮಾಡದಿದ್ರೆ ಏನು ನಿಲ್ಲುತ್ತಾ?”

ಸಹಿ ಹಾಕಿದೆ. ಆ ಮುದುಕರೇ ಕೊಟ್ಟ ಮೆಣಸಿನಕಾಯಿ ಗೊಜ್ಜಿನ ಬಾಟಲಿ ಆ ಮೇಜಿನ ಮೇಲೇ ಇತ್ತು.

ಸಾಮೂಹಿಕ ಕೋಣೆಯಲ್ಲಿ ಅಡುಗೆ ಮಾಡಬಾರದೆಂದು ಸಂಘ ನಿಯಮ ಮಾಡಿತು, ಕೋಣೆಗೆ ಹೊಸ ಬೀಗ ಬಿತ್ತು. ಸಂಘದವರು ಪತ್ರದ ಪ್ರತಿಯನ್ನು ಸಹಿಗಳ ಸಮೇತ ಅವರ ಬಾಗಿಲ ಸಂದಿಯಿಂದ ಒಳಗೆ ಹಾಕಿದ್ದರು. ಮರುದಿನ ಸಂಜೆ ಬೆಲ್ ಆಯಿತು. ಅವರು ನಿಂತಿದ್ದರು, ಏದುಸಿರು ಬಿಡುತ್ತ, ಕೈಯಲ್ಲಿ ನನ್ನ ಪಾತ್ರೆ. ಮಂಡಿನೋವಿನಲ್ಲಿ ಎರಡು ಮಹಡಿ ಹತ್ತಿ ಬಂದಿದ್ದರು.

“ನಿನ್ನ ಹೆಸರು ನೋಡಿದೆ ಮಗಳೇ,” ಅಂದರು. “ಊಟ ಬೇಡ ಅಂತ ಅದರಲ್ಲಿ ಎಲ್ಲೂ ಬರೆದಿರಲಿಲ್ಲ.”

ಕುಹಕವಿಲ್ಲ, ಕೋಪವಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ತಪ್ಪಾಯಿತು ಅನ್ನಲು ಬಾಯಿ ತೆರೆದೆ, ಅವರು ಆಗಲೇ ಪಾತ್ರೆ ನನ್ನ ಕೈಗಿಟ್ಟು ಮೆಟ್ಟಿಲ ಕಂಬಿ ಹಿಡಿದು ಇಳಿಯತೊಡಗಿದ್ದರು. ಆ ಪಾತ್ರೆಯ ಮುಚ್ಚಳ ತೆಗೆಯಲಾರದೆ ಹೋದೆ. ನನ್ನ ಬಗ್ಗೆಯೇ ಅಷ್ಟು ಅಸಹ್ಯ ನನಗೆ ಯಾವತ್ತೂ ಆಗಿರಲಿಲ್ಲ.

ಆಮೇಲೆ ಅವರು ಯಾರಿಗೂ ಅಡುಗೆ ಮಾಡಲಿಲ್ಲ. ನಾನು ಎರಡು ಮೂರು ಸಲ ಹೋಗಿ ಮಾತಾಡಿಸಿದೆ, ಕ್ಷಮೆಯನ್ನೂ ಕೇಳಿದೆ. “ಹಡಗಿನಲ್ಲಿ ಇದಕ್ಕಿಂತ ಕೆಟ್ಟವರನ್ನ ಕಂಡಿದ್ದೇನೆ, ಅವರಿಗೂ ಬಡಿಸಿದ್ದೇನೆ,” ಎಂದು ಮಾತು ತಿರುಗಿಸಿದರು. ಅವರ ಒಲೆ ಪ್ರತಿ ಸಲವೂ ತಣ್ಣಗಿತ್ತು. ವಸಂತದ ಹೊತ್ತಿಗೆ ಆಸ್ಪತ್ರೆ ಸೇರಿದವರು ಮನೆಗೆ ಮರಳಲಿಲ್ಲ.

ಕಾಫಿ ಕೂಟ ನಡೆದದ್ದು ಅದೇ ಸಾಮೂಹಿಕ ಕೋಣೆಯಲ್ಲಿ. ಅವತ್ತೊಂದು ದಿನಕ್ಕೆ ಬೀಗ ತೆಗೆದಿದ್ದರು. ಬ್ರೆಡ್ಡಿನ ಪದರಗಳಿಗೆ ಮೇಯನೀಸ್ ಮೆತ್ತಿ ಮೇಲೆ ಸೀಗಡಿ ಜೋಡಿಸಿದ ದೊಡ್ಡ ಕೇಕು ಮಧ್ಯದಲ್ಲಿತ್ತು. ಅಧ್ಯಕ್ಷೆ ಟಿಶ್ಯೂವಿನಿಂದ ಕಣ್ಣೊತ್ತಿಕೊಂಡು, “ನಮ್ಮ ಬದುಕಿಗೆ ಎಷ್ಟು ಬಣ್ಣ ತಂದರು! ಇಡೀ ಮೆಟ್ಟಿಲು ಘಮ್ಮೆನ್ನುತ್ತಿತ್ತು,” ಅಂದರು. ಮೂರನೇ ಮಹಡಿಯವನು ಫ್ಲ್ಯಾಟ್ ಮಾರಿ ಊರಾಚೆ ಹೋಗಿದ್ದರೂ ಬಂದಿದ್ದ. ಗಲ್ಲದ ಮೇಲೆ ಮೇಯನೀಸ್. ನನ್ನ ಪಕ್ಕಕ್ಕೆ ಬಗ್ಗಿ, “ಆ ಮೆಣಸಿನಕಾಯಿ ಸಾಸ್ ಮಾಡುವ ಬಗೆ ನಿನಗೆ ಬರೆದುಕೊಟ್ಟಿದ್ದಾರಾ?” ಎಂದು ಕೇಳಿದ.

ತಟ್ಟೆ ಕೆಳಗಿಟ್ಟು ಎದ್ದು ನಿಂತೆ. ನನ್ನ ಸ್ವೀಡಿಷ್ ಹರಕುಮುರುಕು, ಆದರೂ ಹೇಳಿದೆ. “ವಾಸನೆ ಅಂತ ದೂರು ಕೊಟ್ಟವರು ನಾವೇ. ನಾನೂ ಸಹಿ ಹಾಕಿದ್ದೇನೆ. ನೀವೂ ಹಾಕಿದ್ದೀರಿ. ನೀವೂ.”

ಯಾರೂ ತಲೆಯೆತ್ತಲಿಲ್ಲ. ಅಧ್ಯಕ್ಷೆ ಮೆಲ್ಲಗೆ, ಮಕ್ಕಳಿಗೆ ಹೇಳುವ ಧಾಟಿಯಲ್ಲಿ, “ಅದು ಅವರ ಬಗ್ಗೆ ಅಲ್ಲ, ವೆಂಟಿಲೇಷನ್ ಬಗ್ಗೆ,” ಅಂದರು. ನಂತರ ಫ್ಲಾಸ್ಕ್ ಎತ್ತಿ, “ಇನ್ನಷ್ಟು ಕಾಫಿ ಯಾರಿಗೆ?” ಎಂದು ಸುತ್ತ ನೋಡಿದರು. ಕಪ್ಪುಗಳು ಒಂದೊಂದಾಗಿ ಮುಂದೆ ಬಂದವು. ನನ್ನ ಗಂಡನದೂ.

ನಾನು ಹೊರಗೆ ಹೋಗಿ ಸೈಕಲ್ ನಿಲ್ಲಿಸುವ ಜಾಗದಲ್ಲಿ ಕೂತೆ. ಸ್ವಲ್ಪ ಹೊತ್ತಿಗೆ ಗಂಡ ಬಂದು, “ಸಾರಿ ಕಣೆ, ಕೈ ತಾನಾಗೇ ಮುಂದೆ ಹೋಯ್ತು,” ಅಂದರು. ನನ್ನ ಕೈ ಸಹಿ ಹಾಕಿದ್ದೂ ಹಾಗೆಯೇ ಅಲ್ಲವೇ.

ನಾವು ಇನ್ನೂ ಅಲ್ಲೇ ಇದ್ದೇವೆ. ಹೋದ ವರ್ಷ ಅಡುಗೆಯ ಆ ನಿಯಮ ತೆಗೆದುಹಾಕಿ ಎಂದು ಸಂಘದ ಸಭೆಗೆ ಬರೆದುಕೊಟ್ಟೆ. ಎಲ್ಲರೂ ನಯವಾಗಿ ನಕ್ಕು ಮುಂದಿನ ವಿಷಯಕ್ಕೆ ಹೋದರು. ನಾನು ಇವತ್ತೂ ಕಿಟಕಿ ಬಾಗಿಲು ಭದ್ರವಾಗಿ ಮುಚ್ಚಿಕೊಂಡೇ ಇಂಗಿನ ಒಗ್ಗರಣೆ ಹಾಕುತ್ತೇನೆ.