ತುರ್ತು ಬಾಗಿಲಿಗೆ ನಮ್ಮ ಪೆಂಡಾಲು

ಗೆಳೆಯರೇ, ಬ್ಯಾಡಗಿಯ ನಮ್ಮ ಆಸ್ಪತ್ರೆಯ ತುರ್ತು ಚಿಕಿತ್ಸಾ ಘಟಕ ಮುಚ್ಚಬಾರದೆಂದು ಇವತ್ತು ಒಂಬತ್ತನೇ ದಿನದ ಧರಣಿ. ಕೂತು ಕೂತು ಸೊಂಟ ಹಿಡಿದಿದೆ, ಸರ್ಕಾರ ಮಾತ್ರ ಇನ್ನೂ ಕೈಗೆ ಸಿಕ್ಕಿಲ್ಲ. ಬಿಸಿಲು ಜೋರಾಯಿತೆಂದು ಬೆಳಿಗ್ಗೆ ಪೆಂಡಾಲನ್ನು ಮುಂದಕ್ಕೆ ಎಳೆದು, ಹಗ್ಗವನ್ನು ಆಸ್ಪತ್ರೆಯ ಗೇಟಿಗೇ ಬಿಗಿದೆವು.

ಹನ್ನೊಂದಕ್ಕೆ ಒಂದು ಆಟೊ ಬಂತು. ಒಳಗೆ ಮೆಣಸಿನಕಾಯಿ ತೊಟ್ಟು ಬಿಡಿಸುವ ಗಂಗವ್ವ. ಘಾಟು ಹತ್ತಿ ಉಸಿರಾಡಲು ಒದ್ದಾಡುತ್ತಿದ್ದಳು. ಗೇಟು ಮಿಸುಕಲಿಲ್ಲ. “ಹಗ್ಗ ಬಿಚ್ರಿ, ಲಗೂನ ಬಿಚ್ರಿ” ಎಂದು ನಮ್ಮ ಅಧ್ಯಕ್ಷರು ಮೈಕಿನಲ್ಲೇ ಕೂಗಿದರು. ನಾವೇ ಹಾಕಿದ ಗಂಟು ನಮಗೇ ಬಿಚ್ಚಲಾಗಲಿಲ್ಲ. ಕೊನೆಗೆ ಒಳಗಿಂದ ಸಿಸ್ಟರ್ ಕತ್ತರಿ ತಂದು ಹಗ್ಗ ಕತ್ತರಿಸಿದರು. ಗೇಟು ತೆರೆಯಿತು, ಪೆಂಡಾಲು ನಮ್ಮ ತಲೆಯ ಮೇಲೆ ಬಿತ್ತು.

ಅರ್ಧ ಗಂಟೆಯಲ್ಲಿ ಗಂಗವ್ವನ ಉಸಿರು ಹದಕ್ಕೆ ಬಂತು. “ಹಾವೇರಿ ತನಕ ಒಯ್ದಿದ್ರ ಈಕಿ ಉಳೀತಿದ್ದಿಲ್ರಿ” ಎಂದ ಆಟೊದವ.

“ನಾವೂ ಅದನ್ನ ಹೇಳಾಕತ್ತೇವಲ್ಲಪಾ” ಎಂದೆ.

“ಹೇಳ್ರಿ ಅಣ್ಣಾರ, ಸ್ವಲ್ಪ ಸರದು ಕುಂತು ಹೇಳ್ರಿ” ಎಂದರು ಸಿಸ್ಟರ್. “ಸರ್ಕಾರದವ್ರು ಬರೋ ತಿಂಗಳ ಮುಚ್ಚತೀವಿ ಅಂದಾರ. ನೀವು ಇವತ್ತ ಮುಚ್ಚಿದ್ರಿ.”

ನಾಳೆಯಿಂದ ಧರಣಿ ರಸ್ತೆಯಾಚೆ. ಅಲ್ಲಿ ನೆರಳಿಲ್ಲ, ಟೋಪಿ ತನ್ನಿ. ಸರ್ಕಾರ ಹಾಕಿದ ಟೋಪಿ ಬಿಸಿಲು ತಡೆಯುವುದಿಲ್ಲ.