ಹರಳೆಣ್ಣೆ ಹೊಗೆಯ ಸ್ಕೂಟರ್

ಗುಳುಕ್... ತುಸು ಹೊತ್ತು ಬಿಟ್ಟು ಮತ್ತೆ ಗುಳುಕ್. ನಮ್ಮ ಕಾನ್ವೆಂಟಿನ ಕೆಮಿಸ್ಟ್ರಿ ಲ್ಯಾಬಿನ ಹಿಂದಿನ ಬೆಂಚಿನ ಮೇಲೆ ಗಾಜಿನ ದೊಡ್ಡ ಜಾರ್ ಒಂದು ದಿನವಿಡೀ ಹೀಗೆ ಸದ್ದು ಮಾಡುತ್ತಿತ್ತು. ಒಳಗೆ ಕಾಕಂಬಿ, ಅಂದರೆ ಸಕ್ಕರೆ ಫ್ಯಾಕ್ಟರಿಯಲ್ಲಿ ಉಳಿಯುವ ಕಪ್ಪು ಪಾಕ, ಜೊತೆಗೆ ನೀರು, ಈಸ್ಟ್. ಮುಚ್ಚಳದಿಂದ ಹೊರಟ ರಬ್ಬರ್ ಟ್ಯೂಬಿನ ತುದಿ ನೀರಿನ ಬಾಟ್ಲಿಯಲ್ಲಿ. ಮೊನ್ನೆ ಹೊಸಪೇಟೆಯ ಪೆಟ್ರೋಲ್ ಬಂಕಿನಲ್ಲಿ ಆ ಸದ್ದು ನೆನಪಾಯಿತು. ಆಟೋದವನು ಟ್ಯಾಂಕ್ ತುಂಬಿಸುತ್ತ ಗೊಣಗಿದ, “ಪೆಟ್ರೋಲಿನಾಗ ಸ್ಪಿರಿಟ್ ಕಲಸ್ಯಾರ್ರೀ ಅಮ್ಮಾ. ಗಾಡಿ ಕುಡದಂಗ ಆಡಕತ್ತೈತಿ.”

“ಗಾಡಿ ಕುಡೀಲಿ ಬಿಡಪಾ, ನೀನು ಕುಡೀಬ್ಯಾಡ,” ಅಂದೆ. ಅದು ನನ್ನ ಮಾತಲ್ಲ... ನಮ್ಮ ಕೆಮಿಸ್ಟ್ರಿ ಟೀಚರದು.

ಟೀಚರ್ ಕಂಪ್ಲಿ ಕಡೆಯ ಮೆಟ್ರಿಯವರು. ಲಿಂಗವಂತರ ಮನೆತನ, ಕಬ್ಬಿನ ಹೊಲ. ಆಗ ಸ್ಕೂಟರ್ ಓಡಿಸುವ ಇನ್ನೊಬ್ಬ ಹೆಂಗಸನ್ನು ನಾನು ನೋಡಿರಲಿಲ್ಲ. ಪೆಟ್ರೋಲ್ ಷಾರ್ಟೇಜ್ ಆಗಿ ಬಂಕುಗಳ ಮುಂದೆ ಕ್ಯೂ ಬೆಳೆದ ವರ್ಷ ಅವರು ಕ್ಲಾಸಿನಲ್ಲಿ ಹೇಳಿದರು, “ಹೊರದೇಶದಿಂದ ಬರೋದನ್ನ ಯಾಕ ಕಾಯಬೇಕು? ಮೊದಮೊದಲು ಎಂಜಿನ್ ಮಾಡಿದವರೂ ಸ್ಪಿರಿಟ್ ಹಾಕಿ ನೋಡಿದ್ರು. ಎರಡನೇ ಮಹಾಯುದ್ಧದ ಟೈಮಿನಾಗ ಮೈಸೂರು ಸೀಮಿಯಾಗ ಪೆಟ್ರೋಲಿಗೆ ಇದನ್ನ ಬೆರಸತಿದ್ರು. ಮರ್ತೀವಿ, ಅಷ್ಟ.”

ಹುಳಿ ಬಂದ ಕಾಕಂಬಿಯನ್ನು ಎರಡೆರಡು ಸಲ ಡಿಸ್ಟಿಲ್ ಮಾಡಿ ಸ್ಪಿರಿಟ್ ಇಳಿಸಿದೆವು. ಉಳಿದ ನೀರನ್ನು ಹೀರಲು ಸುಟ್ಟ ಸುಣ್ಣದ ಹರಳು ಹಾಕಿ ಇನ್ನೊಮ್ಮೆ. ಸ್ಕೂಟರಿಗೆ ಬೆರೆಸಲೇಬೇಕಾದ ಎಂಜಿನ್ ಆಯಿಲ್ ಸ್ಪಿರಿಟ್ಟಿನಲ್ಲಿ ಕರಗದೆ ತಳಕ್ಕೆ ಕೂತಾಗ ಟೀಚರ್ ಮನೆಯಿಂದ ಹರಳೆಣ್ಣೆ ತಂದರು. ಕರಗಿತು! ಯಾರೂ ಬಾಯಿಗೆ ಹಾಕಬಾರದೆಂದು ಕೊನೆಗೆ ಒಂದಿಷ್ಟು ಪೆಟ್ರೋಲ್ ಸುರಿದು ತಾವೇ ಕೆಡಿಸಿದರು. ಕಾರ್ಬ್ಯುರೇಟರಿನ ತೂತು ದೊಡ್ಡದು ಮಾಡಿಸಿಕೊಂಡು ಬಂದು ಕಿಕ್ ಹೊಡೆದರೆ... ಸ್ಟಾರ್ಟ್! ಕಾಂಪೌಂಡ್ ತುಂಬ ಹರಳೆಣ್ಣೆಯ ಹೊಗೆ. ಆ ಥ್ರಿಲ್ ನನ್ನ ಮೈಯಲ್ಲಿ ಇನ್ನೂ ಇದೆ.

ಸುದ್ದಿ ಊರು ಮುಟ್ಟುವಷ್ಟರಲ್ಲಿ ಬೇರೆಯೇ ಆಗಿತ್ತು: ಟೀಚರ್ ಲ್ಯಾಬಿನಲ್ಲಿ ಸೆರೆ, ಅಂದರೆ ಸಾರಾಯಿ, ಕಾಸುತ್ತಾರಂತೆ. ಪೇರೆಂಟ್ಸ್ ಕಮಿಟಿಯ ಹಿರಿಯರಾದ ಅಕ್ಕಿ ಮಿಲ್ಲಿನ ಸಾಹುಕಾರರು ಒಂದು ಮಧ್ಯಾಹ್ನ ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಜೊತೆ ಲ್ಯಾಬಿಗೇ ಬಂದರು. ನಾವೆಲ್ಲ ಅಲ್ಲೇ ಇದ್ದೆವು.

“ಲಿಂಗ ಕಟ್ಟಿಕೊಂಡ ಹೆಣ್ಣುಮಗಳು ಸೆರೆ ಕಾಸೋದಂದ್ರ ಏನವ್ವಾ ಇದು?”

“ಮೂಸಿ ನೋಡ್ರಿ, ಅಣ್ಣಾರ.” ಟೀಚರ್ ಬಾಟ್ಲಿ ಚಾಚಿದರು. ಸಾಹುಕಾರರು ಮೂಸಿ ಮುಖ ಕಿವುಚಿದರು. “ಹೆಂಗೈತ್ರಿ? ಗಾಡಿ ಕುಡೀಲಿ ಬಿಡ್ರಿ, ನೀವು ಕುಡೀಬ್ಯಾಡ್ರಿ. ನಿಮ್ಮ ಜೀಪು ಪೆಟ್ರೋಲಿಲ್ದ ನಿಂತು ಜಟಕಾದಾಗ ಬಂದೀರಂತ. ಅದಕ್ಕೂ ಒಂದೀಟು ಕೊಡ್ಲೇನು?”

ನಾವು ಹುಡುಗಿಯರು ಕಿಸಕ್ಕೆಂದೆವು. ಸಾಹುಕಾರರ ಕಿವಿ ಕೆಂಪಾಯಿತು. ಸಿಸ್ಟರ್ ಮೆಲ್ಲಗೆ ನಡುವೆ ಬಂದರು. ಇದನ್ನು ನಿಲ್ಲಿಸಿ, ಸೆರೆ ಕಾಸಿದ್ದು ತಪ್ಪಾಯಿತೆಂದು ಬರೆದುಕೊಟ್ಟರೆ ಕೆಲಸ ಉಳಿಯುತ್ತದೆ ಎಂದರು.

“ಸ್ಪಿರಿಟ್ ಇಳಸಾಕ ಲೈಸೆನ್ಸ್ ತಗೊಳ್ಳಲಿಲ್ಲ, ಅದನ್ನ ಬರೀತೀನಿ ಸಿಸ್ಟರ್. ನಿಲ್ಲಸ್ತೀನಿ. ಸೆರೆ ಅಂತ ಮಾತ್ರ ಬರೆಯಂಗಿಲ್ಲ. ಈ ಹುಡುಗ್ಯಾರು ನನ್ನ ಕಡಿಂದ ಕಲ್ತಿದ್ದು ಸೆರೆ ಕಾಸೋದಲ್ಲ.”

“ಹಂಗಾದ್ರ ಕೆಲಸ ಬಿಡಬೇಕಾಕೈತಿ,” ಸಾಹುಕಾರರು ಗುಡುಗಿದರು. “ಮೊದಲ ಅದನ್ನ ಸಿಂಕಿಗೆ ಚೆಲ್ಲು.”

“ಕೆಲಸ ಬಿಟ್ಟೆ, ತಗೋರಿ. ಚೆಲ್ಲೂದಿಲ್ಲ.”

ನಮ್ಮ ಮನೆಯಲ್ಲಿ ಬೇಡವೆಂದರೂ ನಾನು ಮುಂದೆ ಕೆಮಿಸ್ಟ್ರಿಯನ್ನೇ ಓದಿದೆ. ಎಷ್ಟೋ ವರ್ಷದ ಮೇಲೆ ಮೆಟ್ರಿಗೆ ಹೋಗಿ ವಿಚಾರಿಸಿದರೆ, ಅವರು ತೀರಿಕೊಂಡು ಭಾಳ ದಿನ ಆಯಿತು ಅಂದರು. ಇವತ್ತು ಅದೇ ಸ್ಪಿರಿಟ್ ಬಂಕು ಬಂಕಿನಲ್ಲೂ ಹರಿಯುತ್ತದೆ. ಸಾಹುಕಾರರ ಮೊಮ್ಮಕ್ಕಳೂ ಅದನ್ನೇ ತುಂಬಿಸಿಕೊಳ್ಳುತ್ತಾರೆ. ಯಾರೂ ಸೆರೆ ಅನ್ನುವುದಿಲ್ಲ, ಆ ಹೆಂಗಸಿಗೆ ಸಾರಿ ಅನ್ನುವುದೂ ಇಲ್ಲ. ನಾನಂತೂ ಕ್ಷಮಿಸಿಲ್ಲ.

ಅವರನ್ನು ಕೊನೆಯ ಸಲ ನೋಡಿದ್ದು ಆ ಮಧ್ಯಾಹ್ನವೇ. ಬಾಟ್ಲಿಯನ್ನು ಪೂರ್ತಿ ಸ್ಕೂಟರಿನ ಟ್ಯಾಂಕಿಗೆ ಬಗ್ಗಿಸಿದರು. ಒಂದು ಕಿಕ್, ಇನ್ನೊಂದು... ಎಂಜಿನ್ ಕೆಮ್ಮಿ ಸುಮ್ಮನಾಯಿತು. ಗೇಟಿನ ಹತ್ತಿರ ಜಟಕಾ ಹತ್ತಿ ಕೂತಿದ್ದ ಸಾಹುಕಾರರ ಮೀಸೆಯಡಿ ನಗು ಕಂಡಿತು. ಟೀಚರ್ ಸೆರಗು ಸೊಂಟಕ್ಕೆ ಸಿಕ್ಕಿಸಿ ಮತ್ತೆ ಒದ್ದರು. ಹೊತ್ತಿಕೊಂಡಿತು! ಸ್ಕೂಟರ್ ಜಟಕಾದ ಪಕ್ಕಕ್ಕೇ ಹಾದು ಹೋಯಿತು. ಕುದುರೆ ಬೆಚ್ಚಿ ಹಿಂದೆ ಸರಿಯಿತು. ಟೀಚರ್ ತಿರುಗಿ ನೋಡಲಿಲ್ಲ.

ಹರಳೆಣ್ಣೆಯ ಹೊಗೆ ಕರಗುವ ತನಕ ನಾವು ಅದರಲ್ಲೇ ನಿಂತಿದ್ದೆವು. ಬೆಲ್ ಹೊಡೆಯಿತು. ಯಾರೂ ಕ್ಲಾಸಿಗೆ ಹೋಗಲಿಲ್ಲ.